ಗೊಂಬೆ ಮದುವೆಯ ಸಂಧಾನ

ಕಳೆದ ಭಾನುವಾರ ನಾನು ಬೀಗನಾದೆ. ಮಗಳು ಅಮೂಲ್ಯ ಇನ್ನೂ ನಾಲ್ಕನೇ ಕ್ಲಾಸು. (ಗಾಬರಿಯಾಗಬೇಡಿ, ವಧು ಅವಳಲ್ಲ.)

ಕಥೆ ಶುರುವಾದದ್ದು ಚನ್ನಪಟ್ಟಣದ ನಮ್ಮ ಮನೆಯ ಕಾಂಪೌಂಡಿನಲ್ಲಿ. ಪಕ್ಕದ ಮನೆ ರತ್ನಮ್ಮನವರ ನುಗ್ಗೆಮರದ ಕೊಂಬೆ ನಮ್ಮ ಕಡೆ ಚಾಚಿತ್ತು. ಕಂಬಳಿಹುಳ ಬೀಳುತ್ತವೆ ಎಂದು ನನ್ನ ಹೆಂಡತಿ ಸುಮಾ ಅದನ್ನು ಕಡಿಸಿದಳು. ಹೇಳದೆ ಕೇಳದೆ. ಅದೂ ಹೂ ಬಿಟ್ಟ ಕೊಂಬೆ! ಯುಗಾದಿಯಿಂದ ಮಾತಿಲ್ಲ, ಕಥೆಯಿಲ್ಲ. ದೊಡ್ಡವರದ್ದು ಬಿಡಿ, ರತ್ನಮ್ಮನವರ ಮಗಳು ಚಂದನ, ನಮ್ಮ ಅಮೂಲ್ಯ ಒಂದೇ ಬೆಂಚಿನ ಗೆಳತಿಯರು. ಅವರ ಆಟವೂ ಬಂದ್.

ಮಕ್ಕಳು ಸುಮ್ಮನಿರುತ್ತಾರೆಯೇ? ಹಿಂದೆ ರಾಜರು ಯುದ್ಧ ನಿಲ್ಲಿಸಲು ತಮ್ಮ ಪುಟ್ಟ ಮಕ್ಕಳಿಗೆ ಮದುವೆ ಮಾಡಿಬಿಡುತ್ತಿದ್ದರು ಎಂದು ಟೀಚರ್ ಹೇಳಿದ್ದರಂತೆ. ಇಬ್ಬರಿಗೂ ಐಡಿಯಾ ಹೊಳೆಯಿತು. ವಧು ನಮ್ಮ ಮನೆಯ ಮರದ ಗೊಂಬೆ ರಾಣಿ, ವರ ಅವರ ಮನೆಯ ಮರದ ಗೊಂಬೆ ರಾಜ. ಭಾನುವಾರ ಬೆಳಿಗ್ಗೆ ಗೇಟಿನ ಮುಂದೆಯೇ ಮುಹೂರ್ತ!

"ಅಪ್ಪ, ನೀನು ಹೆಣ್ಣಿನ ಕಡೆಯೋನು. ಪಂಚೆ ಉಟ್ಕೊಂಡ್ ಬಾ" ಎಂದಳು ಮಗಳು. ಉಟ್ಟೆ. ಬೇರೆ ದಾರಿ ಇತ್ತೇ?

ಅಷ್ಟರಲ್ಲಿ ಎರಡೂ ಗೇಟು ತೆರೆದವು. ತಾಯಂದಿರಿಬ್ಬರೂ ತಮ್ಮ ತಮ್ಮ ಮಗಳನ್ನು ಎಳೆದೊಯ್ಯಲು ಬಂದಿದ್ದರು. ಚಂದನ ಅಡ್ಡ ನಿಂತಳು. "ಅಮ್ಮ, ಜಗಳ ಆಡಂಗಿಲ್ಲ. ನೀವಿಬ್ರೂ ಈಗ ಬೀಗಿತ್ತೀರು."

ರತ್ನಮ್ಮನವರು ಬಗ್ಗಿ ಮದುಮಗಳನ್ನು ನೋಡಿದರು. ಪೇಪರ್ ಸೀರೆ.

"ಅಯ್ಯೋ, ನಮ್ಮನೆ ಸೊಸೆಗೆ ಇದೇನಮ್ಮಿ ಸೀರೆ? ಒಸಿ ಇರಿ, ರೇಷ್ಮೆ ಚೂರೊಂದೈತೆ, ತತ್ತೀನಿ" ಎಂದು ಒಳಗೆ ಓಡಿದರು.

ಸುಮಾ ಬಿಡುತ್ತಾಳೆಯೇ? "ಅಕ್ಕ, ಪಾಯಸ ಮಾಡ್ತೀನಿ. ಬೀಗ್ರು ಹಂಗೇ ಹೋಗಂಗಿಲ್ಲ" ಎಂದು ಕೂಗಿದಳು. ಆ "ಅಕ್ಕ" ಕೇಳಿ ಎಷ್ಟು ಕಾಲವಾಗಿತ್ತು!

ಮಧ್ಯಾಹ್ನ ನಮ್ಮ ಹಾಲಿನಲ್ಲಿ ಎಲ್ಲರೂ ಕೂತು ಪಾಯಸ ಸೊರ್ರನೆ ಸುರಿದೆವು. "ಕೊಂಬೆ ಕಡ್ಸೋಕ್ ಮುಂಚೆ ಒಂದ್ ಮಾತು ಹೇಳ್ಬಾರ್ದಿತ್ತೇನವ್ವ?" ಎಂದರು ರತ್ನಮ್ಮ. "ನಂದೇ ತಪ್ಪು ಅಕ್ಕ" ಎಂದು ಸುಮಾ ಇನ್ನೊಂದು ಸೌಟು ಬಡಿಸಿದಳು. ಯುದ್ಧ ಮುಗಿಯಿತು.

ಮದುಮಗಳನ್ನು ಕಳಿಸಿಕೊಡುವ ಹೊತ್ತಿಗೆ ಮಾತ್ರ ಅಮೂಲ್ಯ ಗೊಂಬೆಯನ್ನು ಎದೆಗವಚಿಕೊಂಡಳು. "ಕೊಡಲ್ಲ. ಅವಳಿಗೆ ಅಲ್ಲಿ ಯಾರೂ ಗೊತ್ತಿಲ್ಲ." ಕಣ್ಣಲ್ಲಿ ನೀರು.

ಚಂದನ ಸ್ವಲ್ಪ ಯೋಚಿಸಿದಳು. "ಆಯ್ತು ಬುಡು. ನಮ್ ರಾಜನೇ ನಿಮ್ಮನೇಲಿರ್ಲಿ. ನಾನು ದಿನಾ ನೋಡಕ್ಕೆ ಬತ್ತೀನಿ."

ಮನೆಯೆಲ್ಲ ನಗು. ರತ್ನಮ್ಮನವರಂತೂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ಸಂಧಾನಕ್ಕೆಂದು ಹೆತ್ತ ಮಗುವನ್ನೇ ಪಲ್ಲಕ್ಕಿ ಹತ್ತಿಸಿದ ಆ ಮಹಾರಾಜರಲ್ಲಿ ಒಬ್ಬರಾದರೂ, "ಅಲ್ಲಿ ನಿನಗೆ ಯಾರಾದರೂ ಗೊತ್ತೇನಮ್ಮಾ?" ಎಂದು ಕೇಳಿದ್ದರೇ?