ದೀಪ ಹಚ್ಚುವ ಹೊತ್ತಿನ ರೀಸ್ಟಾರ್ಟ್

ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಲಿಫ್ಟಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಎಳೆಯುವ ಜಾತಿಯವನು ನಾನು. ಇಂಥವನ ಮನೆಯ ಸೆಟ್‌ಟಾಪ್ ಬಾಕ್ಸು ಒಂದು ದಿನ ಪರದೆಯ ಮೇಲೆ, ‘ದಿನಕ್ಕೊಮ್ಮೆ ನಾನೇ ರೀಸ್ಟಾರ್ಟ್ ಆಗಲೇ? ಸಮಯ ಆರಿಸಿ’ ಎಂದು ಕೇಳಿಬಿಟ್ಟರೆ ಊಟ ಸೇರುವುದು ಹೇಗೆ?

ಕೇಳಿದ್ದರಲ್ಲಿ ಅದರ ತಪ್ಪೇನಿಲ್ಲ. ಕಂಡಕಂಡದ್ದನ್ನೆಲ್ಲ ರೆಕಾರ್ಡ್ ಮಾಡಿ ಅದಕ್ಕೆ ತಲೆ ಭಾರವಾಗಿತ್ತು. ರಿಮೋಟ್ ಒತ್ತಿ ಚಾನೆಲ್ ಬದಲಾಗುವಷ್ಟರಲ್ಲಿ ಅರ್ಧ ಲೋಟ ಕಾಫಿ ಮುಗಿಯುತ್ತಿತ್ತು. ಆದರೂ ಒಂದು ಯಂತ್ರ ದಿನಾ ಸತ್ತು ಹುಟ್ಟಬೇಕೆ? ಅಪ್ಪನ ರೇಡಿಯೋ ಗಂಟಲು ಕಟ್ಟಿದಾಗ ತಲೆಯ ಮೇಲೊಂದು ತಟ್ಟಿದರೆ ಹಾಡುತ್ತಿತ್ತು. ಅದು ಯಾವತ್ತೂ ನಮ್ಮ ಅನುಮತಿ ಕೇಳಿದ್ದಿಲ್ಲ. ಹಾಗಂತ ಹಿರಿಯರು ಈ ವಿದ್ಯೆ ಅರಿಯದವರೂ ಅಲ್ಲ. ಹೊಟ್ಟೆಗೆ ಉಪವಾಸ, ಮೈಗೆ ಎಣ್ಣೆನೀರು, ಸೋಮವಾರ ಬಂದರೆ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಎತ್ತು ಕೆಡುವವರೆಗೆ ಅವರು ಕಾಯುತ್ತಿರಲಿಲ್ಲ. ಹೀಗೆ ಯೋಚಿಸಿ ಒಪ್ಪಿಗೆಯ ಬಟನ್ ಒತ್ತಿದೆ. ಇನ್ನು ಸಮಯ ಆರಿಸಬೇಕು.

ಇಲ್ಲಿ ನಮ್ಮ ಮನೆಯ ಸಂಗತಿ ಹೇಳಬೇಕು. ಅಮ್ಮ ಜಕ್ಕೂರಿನ ನನ್ನ ತಮ್ಮನ ಮನೆಯಿಂದ ಯಲಹಂಕದ ನಮ್ಮ ಫ್ಲಾಟಿಗೆ ಬಂದು ವರ್ಷವಾಯಿತು. ಅವಳಿಗೂ ನನ್ನ ಹೆಂಡತಿ ಶೈಲಾಗೂ ಜಗಳವಾಗಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಅವರು ಮರ್ಯಾದೆ ಕೊಡುತ್ತಿದ್ದರು! ‘ಊಟ ಆಯ್ತಾ ಅತ್ತೆ?’ ‘ಆಯ್ತಮ್ಮ.’ ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಈ ಮೌನವನ್ನು ಮುರಿದದ್ದು ನಾನಲ್ಲ, ಒಂದು ಸೀರಿಯಲ್ಲು. ಅದು ಬರುವುದು ಸಂಜೆ ಆರೂವರೆಗೆ. ಅದು ಅಮ್ಮ ದೇವರಿಗೆ ದೀಪ ಹಚ್ಚುವ ಹೊತ್ತು. ಆಗ ಮನೆಯಲ್ಲಿ ಟೀವಿ ಉಸಿರೆತ್ತುವಂತಿಲ್ಲ. ಶೈಲಾ ಆರ್.ಟಿ. ನಗರದ ಆಫೀಸಿನಿಂದ ಹೆಬ್ಬಾಳದ ಫ್ಲೈಓವರ್ ದಾಟಿ ಮನೆ ಸೇರುವುದು ಎಂಟಕ್ಕೆ. ಹಾಗಾಗಿ ಅದನ್ನು ರೆಕಾರ್ಡ್‌ಗೆ ಹಾಕಿಟ್ಟಿದ್ದೆ. ಅವಳು ಬಂದ ಮೇಲೆ ಅತ್ತೆ ಸೊಸೆ ಒಂದೇ ಸೋಫಾದಲ್ಲಿ ಕೂತು, ಪರದೆಯ ಮೇಲಿನ ಅತ್ತೆಯನ್ನು ಒಗ್ಗಟ್ಟಿನಿಂದ ಬೈಯುತ್ತಿದ್ದರು. ‘ಥೂ, ಇವ್ಳಿಗೇನ್ ಬಂದೈತೆ ರೋಗ!’ ಎಂದು ಅಮ್ಮ. ‘ನೋಡಿ ಅತ್ತೆ, ನಿಮ್ಮಂಥೋರು ಎಲ್ಲಿ ಸಿಗ್ತಾರೆ’ ಎಂದು ಶೈಲಾ. ಆ ಅರ್ಧ ಗಂಟೆ ನನ್ನ ಪಾಲಿನ ಮನಶ್ಶಾಂತಿ.

ಪೆಟ್ಟಿಗೆಯನ್ನು ರಾತ್ರಿ ರೀಸ್ಟಾರ್ಟ್ ಆಗಲು ಬಿಡಬಹುದಿತ್ತು. ಆದರೆ ನಾವು ಮಲಗಿರುವಾಗ ಒಂದು ಯಂತ್ರ ತಾನೇ ಆರಿ ತಾನೇ ಹೊತ್ತಿಕೊಂಡು ಏನಾದರೂ ಆದರೆ? ನಾನು ಎಚ್ಚರವಾಗಿ ಕಾವಲಿರಬೇಕು, ಆದರೆ ಯಾರೂ ಟೀವಿ ನೋಡುತ್ತಿರಬಾರದು. ಅಂಥ ಹೊತ್ತು ಯಾವುದು? ಬಹಳ ತಲೆ ಓಡಿಸಿ, ದೀಪ ಹಚ್ಚುವ ಹೊತ್ತನ್ನೇ, ಆರೂಮುಕ್ಕಾಲನ್ನು, ಆರಿಸಿದೆ. ನನ್ನ ಬುದ್ಧಿಗೆ ನಾನೇ ಬೀಗಿದೆ.

ಅವತ್ತು ಸೀರಿಯಲ್ಲಿನಲ್ಲಿ, ಮನೆ ಬಿಟ್ಟು ಹೋಗಿದ್ದ ಸೊಸೆ ಮರಳಿ ಬರುವ ದಿನ. ಅತ್ತೆ ಸೊಸೆ ವಾರದಿಂದ ಕಾದಿದ್ದರು. ಪರದೆಯಲ್ಲಿ ಸೊಸೆ ಬಂದಳು, ಬಾಗಿಲು ತಟ್ಟಿದಳು. ಅಷ್ಟಕ್ಕೆ ರೆಕಾರ್ಡಿಂಗ್ ಮುಗಿದುಹೋಯಿತು. ಯಾರೂ ನೋಡದ ಹೊತ್ತೆಂದು ನಾನು ಆರಿಸಿದ್ದು, ಪೆಟ್ಟಿಗೆ ನಮ್ಮೆಲ್ಲರ ಪರವಾಗಿ ಒಬ್ಬಂಟಿಯಾಗಿ ನೋಡುತ್ತ ಕೂತಿದ್ದ ಹೊತ್ತನ್ನು!

‘ರೀ, ಏನ್ ಮಾಡಿದ್ರಿ ಇದಕ್ಕೆ?’

ಮತ್ತೆ ‘ಊಟ ಆಯ್ತಾ ಅತ್ತೆ’ ಕಾಲಕ್ಕೆ ವಾಪಸು ಹೋದೆವು ಅಂದುಕೊಂಡೆ. ಫೋನಿನಲ್ಲಿ ಹುಡುಕಿಕೊಡುತ್ತೇನೆ ಎಂದು ತಡಬಡಾಯಿಸಿದೆ.

‘ನೀನು ಸುಮ್ಕಿರಪ್ಪ, ಇನ್ನೇನಾದ್ರೂ ಕೆಡಿಸ್ಬುಟ್ಟೀಯ’ ಎಂದಳು ಅಮ್ಮ.

ಆಮೇಲೆ ಶೈಲಾ ಅಮ್ಮನ ಕಡೆ ತಿರುಗಿ, ‘ಏನಾಗಿರತ್ತೆ ಅಂತೀರಾ ಅತ್ತೆ? ಅವಳ ಅತ್ತೆ ಬಾಗ್ಲು ತೆಗೀತಾಳಾ?’ ಎಂದಳು.

‘ತೆಗೀದೆ ಏನು? ಅಷ್ಟು ದೂರದಿಂದ ಬಂದವ್ಳೆ, ಒಟ್ಟೆ ಅಸ್ದಿರ್ತದೆ. ಜಗಳ ನಾಳೆ ಆಡಿದ್ರಾಯ್ತು, ಮೊದ್ಲು ಊಟಕ್ಕಿಕ್ಬೇಕು.’ ಅಮ್ಮ ಸೋಫಾ ಹಿಡಿದು ಎದ್ದಳು. ‘ನೀನೂ ಬಾ. ಬಸ್ಸಾರು ಬಿಸಿ ಮಾಡ್ತೀನಿ. ಮಧ್ಯಾಹ್ನ ಡಬ್ಬಿ ಪೂರ್ತಿ ಉಂಡಿಲ್ಲ ನೀನು, ನೋಡ್ದೆ.’

ಶೈಲಾ ಟೀವಿಯತ್ತ ತಿರುಗಿಯೂ ನೋಡದೆ ಅವಳ ಹಿಂದೆಯೇ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಗಿಂತ ನಗುವೇ ಜಾಸ್ತಿ ಕೇಳಿಸಿತು. ನಗು ನನ್ನ ಬಗ್ಗೆಯೇ ಇದ್ದೀತು. ಇರಲಿ.

ಮಾರನೆಯ ದಿನ ರೀಸ್ಟಾರ್ಟ್ ಹೊತ್ತನ್ನು ಬೆಳಗಿನ ಕಾಫಿಗೆ ಬದಲಿಸಿದೆ. ಪೆಟ್ಟಿಗೆ ಕಣ್ಣು ಮುಚ್ಚಿ ತೆರೆಯುವವರೆಗೆ ಲೋಟ ಹಿಡಿದು ಎದುರಿಗೇ ಕೂತಿರುತ್ತೇನೆ. ಈಗೀಗ ಕೆಲವು ಸಂಜೆ, ಸೀರಿಯಲ್ ಚೆನ್ನಾಗಿಯೇ ಓಡುತ್ತಿರುವಾಗ ಅಮ್ಮ ರಿಮೋಟನ್ನು ಸೊಸೆಯ ಕೈಗಿಟ್ಟು, ‘ಸಾಕು ನಿಲ್ಸು ಶೈಲಾ, ಮುಂದಿಂದು ನಾವೇ ಮಾತಾಡ್ಕಳಾನ’ ಎನ್ನುತ್ತಾಳೆ. ಅವರ ಮಾತು ಶುರುವಾದ ಮೇಲೆ ನಾನು ಎದ್ದು ಹೋಗಿ ಬಾಗಿಲ ಬೀಗ ಎಳೆದು ನೋಡಿ ಬರುತ್ತೇನೆ.

ಒಂದೇ ಸಲ.