ಎಡಕ್ಕೆ ನೋಡುವ ರಾಜ

ನಮ್ಮ ಅತ್ತಿಗೆಗೆ, ಅಂದರೆ ನನ್ನ ಗಂಡನ ಅಕ್ಕನಿಗೆ, ಬೀದಿಯವರು ಇಟ್ಟ ಹೆಸರು ಎರಡು. ಕೆಲಸದಲ್ಲಿದ್ದಾಗ ಮೀಟರಮ್ಮ. ನಿವೃತ್ತಿಯಾದ ಮೇಲೆ ತುಕ್ಕಮ್ಮ. ಮೊದಲನೆಯ ಹೆಸರಿನಲ್ಲಿ ಸ್ವಲ್ಪ ಭಯವಿತ್ತು, ಎರಡನೆಯದರಲ್ಲಿ ಬರೀ ನಗು.

ಕರೆಂಟು ಆಫೀಸಿನಲ್ಲಿ ಅವರದು ಮೀಟರ್ ಓದುವ ಕೆಲಸ. ಬೀದಿ ಬೀದಿ ಸುತ್ತಬೇಕು, ನಾಯಿಗಳಿಂದ ಬೊಗಳಿಸಿಕೊಳ್ಳಬೇಕು, ಮೆಟ್ಟಿಲ ಕೆಳಗೆ, ಗೋದಾಮಿನ ಮೂಲೆಯಲ್ಲಿ, ಮುರಿದ ಸೈಕಲ್ಲುಗಳ ಹಿಂದೆ ಬಗ್ಗಿ ನೋಡಬೇಕು. ಮೀಟರಿನ ಗಾಜಿನ ಮೇಲೆ ಧೂಳು, ಒಳಗೆ ಜೇಡರ ಬಲೆ. ಟಾರ್ಚನ್ನು ನೇರವಾಗಿ ಹಿಡಿದರೆ ಗಾಜು ಮಾತ್ರ ಹೊಳೆಯುತ್ತದೆ. ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಂಕಿಯೂ ಎದ್ದು ಕಾಣುತ್ತದೆ. ಹೋದ ಮನೆಯಲ್ಲೆಲ್ಲ ಬಾಗಿಲಲ್ಲೇ ಒಂದು ಮಾತು: “ಯಜಮಾನ್ರು ಇಲ್ಲ, ಆಮೇಲೆ ಬನ್ನಿ.” ಇವರು ಚಪ್ಪಲಿ ಬಿಡುತ್ತಲೇ, “ನನಗೆ ಯಜಮಾನ್ರು ಬೇಡ ಕಣಮ್ಮ, ಮೀಟರ್ ಬೇಕು” ಅಂತ ಒಳಗೆ ನುಗ್ಗುತ್ತಿದ್ದರು.

ನಿವೃತ್ತಿಯಾದ ಮೇಲೆ ಮೀಟರು ಬಿಟ್ಟು ನೆಲ ನೋಡಲು ಶುರು ಮಾಡಿದರು. ಯಾರಾದರೂ ಮನೆಗೆ ಪಾಯ ತೋಡಿದರೆ ಸಾಕು, ಅಲ್ಲಿ ಇವರು ಹಾಜರ್. ತುಕ್ಕು ಹಿಡಿದ ಮೊಳೆ, ಬಿಲ್ಲೆ, ಬಳೆಚೂರು, ಎಲ್ಲ ಚಪ್ಪಲಿ ಡಬ್ಬಗಳಲ್ಲಿ ತುಂಬಿ ಮಂಚದ ಕೆಳಗೆ ಇಡುವುದು. ಗುಡಿಸುವವಳು ನಾನು, ಕಸಪೊರಕೆ ಒಳಗೆ ಹೋಗಬೇಕಲ್ಲ! ಒಮ್ಮೆ ‘ಚಕ್ರವರ್ತಿಯ ಮುದ್ರೆ’ ಸಿಕ್ಕಿತು ಅಂತ ದೂರದ ಮ್ಯೂಸಿಯಂಗೆ ಬಸ್ಸಿನಲ್ಲಿ ಹೋದರು. ಅದು ಪ್ಯಾಂಟಿನ ಗುಂಡಿ. ಇನ್ನೊಮ್ಮೆ ಕಂಚಿನ ಉಂಗುರ ಅಂದರು. ನಲ್ಲಿಯ ವಾಷರ್. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರೆ, ನಮ್ಮ ಅತ್ತಿಗೆಗೆ ಇಲಿಯೂ ಸಿಕ್ಕಿರಲಿಲ್ಲ. ಹೀಗಾಗಿ ಅವರು ಬಾಯಿ ತೆರೆದರೆ ನಮ್ಮ ಮನೆಯಲ್ಲಿ ಎಲ್ಲರೂ ಮುಸಿಮುಸಿ ನಗುತ್ತಿದ್ದೆವು.

ಅಷ್ಟರಲ್ಲಿ ನಮ್ಮ ಮನೆಯವರು ಕಾರು ಕೊಂಡರು. ಕಾರಿಗೆ ಬಿಸಿಲು ತಾಗಬಾರದಂತೆ, ಹಿತ್ತಲಲ್ಲಿ ಶೆಡ್ಡು, ಹಿತ್ತಲಿಗೆಲ್ಲ ಕಾಂಕ್ರೀಟು. ಬಟ್ಟೆ ಒಣಹಾಕುತ್ತ ನಾನು ಬಿಸಿಲಲ್ಲಿ ಬೆಂದದ್ದು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ, ಇರಲಿ. ಮೇಸ್ತ್ರಿ ಅಗೆಯುವಾಗ ಅತ್ತಿಗೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಸಂಜೆಯ ಹೊತ್ತಿಗೆ ಮಣ್ಣಿನ ಗುಡ್ಡೆಯಿಂದ ಒಂದು ಹಸಿರುಗಟ್ಟಿದ ಬಿಲ್ಲೆ ಎತ್ತಿಕೊಂಡರು. ಕೋಟಿನ ಗುಂಡಿಯಷ್ಟು ಅಗಲ. ಜೊತೆಗೊಂದು ದಪ್ಪ ಮಡಕೆ ಚೂರು.

“ಬಾಟ್ಲಿ ಮುಚ್ಚಳ ಬಿಡಿ ಅಮ್ಮೋರೇ,” ಅಂದ ಮೇಸ್ತ್ರಿ.

“ವಾಷರ್,” ಅಂದೆ ನಾನು.

ಅತ್ತಿಗೆ ಆಗಲೇ ಗುಂಡಿಗಿಳಿದು ಮಣ್ಣನ್ನೇ ನೋಡುತ್ತಿದ್ದರು. ಆ ಜಾಗದ ಮಣ್ಣೂ ಹಸಿರಾಗಿತ್ತು. “ತಾಮ್ರ ಇಳಿದಿದೆ ಕಣೋ,” ಅಂತ ತಮ್ಮನನ್ನು ಕರೆದರು. “ಒಂದೇ ನಾಣ್ಯಕ್ಕೆ ಇಷ್ಟು ಬಣ್ಣ ಬರಲ್ಲ. ಕೆಳಗೆ ಇನ್ನೂ ಇದೆ. ಕಾಂಕ್ರೀಟ್ ಹಾಕ್ಬೇಡ, ನನ್ನ ಮಾತು ಕೇಳು.”

“ಅಕ್ಕ, ಮೊದಲು ಅದು ಏನು ಅಂತ ಹೇಳು. ಏನೋ ಹಳೇದು ಅಂದ್ರೆ ಆಗಲ್ಲ. ಇಂಥದ್ದು ಅಂತ ಹೆಸರು ಹೇಳು, ಕೆಲಸ ನಿಲ್ಲಿಸ್ತೀನಿ. ಇಲ್ಲಾಂದ್ರೆ ಲಾರಿ ಬಂದ ದಿನ ಕಾಂಕ್ರೀಟ್ ಬೀಳುತ್ತೆ, ಅಷ್ಟೇ.”

ಅತ್ತಿಗೆ ಫೋಟೋ ತೆಗೆದು ಮ್ಯೂಸಿಯಂಗೆ ಕಳಿಸಿದರು. ನಾಣ್ಯ ನೋಡುವ ಅಧಿಕಾರಿ ಒಳ್ಳೆಯ ಮನುಷ್ಯ, ತಾನಾಗಿ ಫೋನ್ ಮಾಡಿದ. ಫೋಟೋದಲ್ಲಿ ಏನೂ ಗೊತ್ತಾಗುತ್ತಿಲ್ಲ, ಸರದಿ ಬಂದಾಗ ನೋಡುತ್ತೇವೆ ಅಂದ. ಸರದಿ ಬರುವುದು ಮುಂದಿನ ತಿಂಗಳು. ಲಾರಿ ಬರುವುದು ಮುಂದಿನ ವಾರ.

ಆ ವಾರ ಅವರಿಗೆ ಊಟ ನಿದ್ದೆ ಯಾವುದರ ಮೇಲೂ ಗಮನವಿರಲಿಲ್ಲ. ನಾಣ್ಯವನ್ನು ನೀರಲ್ಲಿ ನೆನೆಸುವುದು, ಹಲ್ಲುಕಡ್ಡಿಯಿಂದ ಮಣ್ಣು ಬಿಡಿಸುವುದು, ಮತ್ತೆ ನೆನೆಸುವುದು. “ನಿಂಬೆಹುಳಿ ಹಚ್ಚಿ ಉಜ್ಜಿದ್ರೆ ಫಳಫಳ ಅನ್ನಲ್ವಾ ಅತ್ತಿಗೆ?” ಅಂತ ಒಳ್ಳೆಯ ಮನಸ್ಸಿಂದಲೇ ಕೇಳಿದೆ. “ಮುಟ್ಟಿದ್ರೆ ಕೈ ಮುರಿದುಬಿಡ್ತೀನಿ! ಹುಳಿ ಬಿದ್ರೆ ಮುಖಾನೇ ಹೋಗುತ್ತೆ!” ಅಂದರು. ಈ ಮನೆಯ ಪಾತ್ರೆಗಳಲ್ಲಿ ಮುಖ ನೋಡಿಕೊಳ್ಳಬಹುದು, ಅಷ್ಟು ಚೆನ್ನಾಗಿ ಬೆಳಗುವವಳು ನಾನು. ನನಗೇ ಹೀಗೆ!

ನಿಧಾನಕ್ಕೆ ಒಂದು ಕಡೆ ಮುಖವೊಂದು ಮೂಡಿತು. ಮೂಗು, ಗಲ್ಲ, ತಲೆಯ ಮೇಲೆ ಏನೋ ಉಬ್ಬು. ಹಿಂದೆ ವ್ಯಾಪಾರಕ್ಕೆ ಬಂದ ರೋಮಿನ ನಾಣ್ಯ ನಮ್ಮ ಕಡೆ ನೆಲದಲ್ಲಿ ಸಿಗುವುದುಂಟಂತೆ. ಲೈಬ್ರರಿಯಿಂದ ನಾಣ್ಯಗಳ ದಪ್ಪ ಪುಸ್ತಕ ತಂದು ರೋಮಿನ ರಾಜರನ್ನೆಲ್ಲ ಸಾಲಾಗಿ ನೋಡಿದರು. ಯಾರ ಮೂಗೂ ಈ ಮೂಗಿಗೆ ಹೊಂದಲಿಲ್ಲ. ಪುಸ್ತಕದ ರಾಜರು ಹೆಚ್ಚಿನವರು ಬಲಕ್ಕೆ ಮುಖ ಮಾಡಿದ್ದರೆ ಇವನು ಎಡಕ್ಕೆ. ಇನ್ನೊಂದು ಬದಿ ಅದಕ್ಕಿಂತ ಕಷ್ಟ. ನಾಲ್ಕು ಕಾಲು, ಮೇಲೊಂದು ಹಲಗೆ, ಕೆಳಗೆ ಎರಡು ಉಂಡೆ.

“ಸ್ಟೂಲು,” ಅಂದೆ.

“ನಾಣ್ಯದ ಮೇಲೆ ಯಾವ ಮಹಾರಾಯ ಸ್ಟೂಲು ಹಾಕಿಸ್ತಾನೆ?”

“ಹಾಗಾದ್ರೆ ಹಸು ಅನ್ನಿ.”

“ತಲೆ ಎಲ್ಲಿದೆ? ಮುಂದೆ ತಲೆಯೇ ಇಲ್ವಲ್ಲ!”

ತಲೆ ಇರಲಿಲ್ಲ ನಿಜ. ಲಾರಿ ಬರುವ ಹಿಂದಿನ ದಿನ ಅತ್ತಿಗೆ ಪುಸ್ತಕ ಮುಚ್ಚಿ ಗೋಡೆ ಕಡೆ ತಿರುಗಿ ಮಲಗಿದರು. ಜಗಳವಾಡುವವರು ಸುಮ್ಮನಾದರೆ ಮನೆ ಮನೆಯಾಗಿರುವುದಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಒಗೆದು ಹಾಕಿದ ಹೊದಿಕೆ ಹಗ್ಗದ ಮೇಲಿಲ್ಲ. ಮೆಟ್ಟಿಲ ಕೆಳಗೆ, ಮೀಟರ್ ಪೆಟ್ಟಿಗೆಯ ಹತ್ತಿರ, ಬೀದಿ ನಾಯಿಯೊಂದು ಅದನ್ನು ಎಳೆದು ಹಾಸಿಕೊಂಡು ಮರಿ ಹಾಕಿದೆ! “ಅಯ್ಯೋ ನಿನ್ನ ಮನೆ ಹಾಳಾಗ! ಸಿಕ್ಕಿದ್ದು ನನ್ನ ಹೊದಿಕೇನಾ ನಿನಗೆ?” ಅಂತ ನಾನು ಕೂಗಿದ ಕೂಗಿಗೆ ಅತ್ತಿಗೆ ಟಾರ್ಚು ಹಿಡಿದು ಓಡಿಬಂದರು. ಅಭ್ಯಾಸಬಲ, ಮೀಟರ್ ನೋಡುವವರ ಹಾಗೇ ಬಗ್ಗಿ ಓರೆಯಾಗಿ ಬೆಳಕು ಬಿಟ್ಟರು.

ನಾಯಿ ಎದ್ದು ನಿಂತಿತ್ತು. ಎರಡು ಮರಿಗಳು ಹೊಟ್ಟೆಗೆ ಜೋತುಬಿದ್ದು ಹಾಲು ಕುಡಿಯುತ್ತಿದ್ದವು. ತಾಯಿ ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಮರಿಗಳನ್ನೇ ನೋಡುತ್ತಿತ್ತು. ನಾವು ನಿಂತ ಕಡೆಯಿಂದ ತಲೆ ಬೆನ್ನಿಗೆ ಅಂಟಿಕೊಂಡ ಹಾಗಿತ್ತು.

“ತಲೆ ಹಿಂದಕ್ಕಿದೆ,” ಅಂದರು ಅತ್ತಿಗೆ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕಿರುಚಿದರು: “ತಲೆ ಹಿಂದಕ್ಕಿದೆ ಕಣೇ! ಅದಕ್ಕೇ ಮುಂದೆ ಸಿಗಲಿಲ್ಲ!”

ಒಳಗೆ ಓಡಿ ನಾಣ್ಯ ತಂದು ಅದೇ ಬೆಳಕಲ್ಲಿ ಹಿಡಿದರು. ಸ್ಟೂಲು ಹೋಯಿತು. ನನ್ನ ಕಣ್ಣೆದುರಿಗೇ ಅದು ಕುತ್ತಿಗೆ ತಿರುಗಿಸಿ ನಿಂತ ಪ್ರಾಣಿಯಾಯಿತು, ಕೆಳಗಿನ ಉಂಡೆಗಳು ಎರಡು ಕೂಸುಗಳಾದವು. ಪುಸ್ತಕದಲ್ಲಿ ರಾಜರ ಪುಟಗಳನ್ನೆಲ್ಲ ದಾಟಿ, ಅದುವರೆಗೆ ತೆರೆಯದ ಕೊನೆಯ ಭಾಗಕ್ಕೆ ಹೋದರು. ಅಲ್ಲಿತ್ತು! ರೋಮ್ ಪಟ್ಟಣದ ಹೆಸರಲ್ಲಿ ಟಂಕಿಸಿದ ನಾಣ್ಯ, ಹತ್ತಿರ ಹತ್ತಿರ ಸಾವಿರದ ಏಳುನೂರು ವರ್ಷ ಹಳೆಯದು. ಹಿಂಬದಿಗೆ, ಮುಂದೆ ರೋಮ್ ಕಟ್ಟಿದರೆಂಬ ಕಥೆಯ ಅವಳಿ ಕೂಸುಗಳಿಗೆ ಹಾಲು ಕೊಡುವ ತೋಳ, ಮೇಲೆ ಎರಡು ನಕ್ಷತ್ರ, ನಾವು ಕಲೆ ಅಂದುಕೊಂಡಿದ್ದ ಚುಕ್ಕೆಗಳು. ಮುಂಬದಿಗೆ ಶಿರಸ್ತ್ರಾಣ ತೊಟ್ಟು ಎಡಕ್ಕೆ ನೋಡುವ ಮುಖ.

“ಇವನು ರಾಜನೇ ಅಲ್ಲ!” ಅತ್ತಿಗೆಗೆ ನಗುವೂ ಅಳುವೂ ಒಟ್ಟಿಗೆ ಬಂತು. “ಹೆಂಗಸು ಕಣೇ! ರೋಮ್ ಪಟ್ಟಣವನ್ನೇ ಹೆಂಗಸು ಮಾಡಿ ಕೂರಿಸಿದಾರೆ. ನಾನು ಗಂಡಸರ ಮಧ್ಯೆ ಹುಡುಕ್ತಾ ಕೂತಿದ್ದೆ, ಎಲ್ಲಿ ಸಿಗ್ತಾಳೆ?”

ಅಧಿಕಾರಿಗೆ ಫೋನ್ ಹೋಯಿತು. ಅತ್ತಿಗೆ ಮೀಟರ್ ಅಂಕಿ ಒಪ್ಪಿಸಿದಂತೆ ಒಂದೊಂದೇ ಹೇಳಿದರು: ಶಿರಸ್ತ್ರಾಣ, ಎಡಮುಖ, ತೋಳ, ಕೂಸು ಎರಡು, ನಕ್ಷತ್ರ ಎರಡು, ಪಕ್ಕದ ಮಣ್ಣು ಹಸಿರು. ಆ ಕಡೆಯಿಂದ ಅಧಿಕಾರಿ ಗಡಬಡಿಸಿದ: “ಅಮ್ಮ, ಈಗಲೇ ಹೊರಡ್ತೀನಿ. ಮಧ್ಯಾಹ್ನಕ್ಕೆ ಅಲ್ಲಿರ್ತೀನಿ. ಅಲ್ಲೀತನಕ ಆ ಜಾಗ ಯಾರೂ ಮುಟ್ಟಬಾರದು.”

ಮಧ್ಯಾಹ್ನ ಎಲ್ಲಿ, ಲಾರಿ ಎಲ್ಲಿ? ಫೋನ್ ಕೆಳಗಿಡುವಷ್ಟರಲ್ಲಿ ಕಾಂಕ್ರೀಟು ಗರಗರ ತಿರುಗಿಸುತ್ತ ಲಾರಿ ಹಿಂಬದಿಯಿಂದ ಗೇಟಿಗೆ ಬಂತು. ಅತ್ತಿಗೆ ಎರಡೂ ಕೈ ಚಾಚಿ ಅಡ್ಡ ನಿಂತರು.

“ಸರ್ಕೊಳ್ಳಿ ಅಮ್ಮ, ಕಾಂಕ್ರೀಟ್ ಗಟ್ಟಿಯಾಗುತ್ತೆ,” ಅಂದ ಡ್ರೈವರ್.

“ಆಗ್ಲಿ. ಇಲ್ಲಿ ಬೀಳಲ್ಲ.”

“ನಿಮ್ಮ ಹತ್ರ ಏನು ಮಾತು? ಯಜಮಾನ್ರನ್ನ ಕರೀರಿ!”

ನಮ್ಮ ಮನೆಯವರು ಅರ್ಧ ಗಡ್ಡ ಕೆರೆದ ಮುಖದಲ್ಲೇ ಹೊರಗೆ ಬಂದರು. ಅತ್ತಿಗೆ ವಾದ ಮಾಡಲಿಲ್ಲ. ನಾಣ್ಯವನ್ನು ಅಂಗೈಯಲ್ಲಿಟ್ಟು ಟಾರ್ಚು ಓರೆಯಾಗಿ ಹಿಡಿದರು. “ಹೆಸರು ಕೇಳಿದ್ಯಲ್ಲ ತಮ್ಮಾ, ಇವಳ ಹೆಸರು ರೋಮಾ. ನೋಡು.”

ನಮ್ಮ ಮನೆಯವರು ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. ಸೋಪಿನ ನೊರೆ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಆಮೇಲೆ ಡ್ರೈವರ್ ಕಡೆ ತಿರುಗಿ, “ವಾಪಸ್ ತಗೊಂಡು ಹೋಗಪ್ಪ. ಯಜಮಾನ್ರು ಬೇಡ ಅಂದ್ಮೇಲೆ ಬೇಡ,” ಅಂದರು.

“ಮತ್ತೆ ನೀವು ಯಾರು?”

“ನಾನು ಅವರ ತಮ್ಮ.”

ಲಾರಿ ಹೋಯಿತು. ಹೋಗುವಾಗ ಅದು ಎಬ್ಬಿಸಿದ ಧೂಳಿನಲ್ಲಿ ನಾವಿಬ್ಬರೂ ಹೆಂಗಸರು ಕೈಕೈ ಹಿಡಿದು ಹುಚ್ಚರ ಹಾಗೆ ನಕ್ಕೆವು.

ಮಧ್ಯಾಹ್ನ ಅಧಿಕಾರಿ ಬಂದ. ನಾಣ್ಯ ನೋಡಿ, “ನೀವು ಹೇಳಿದ್ದೇ ಸರಿ ಅಮ್ಮ” ಅಂದ. ಹಸಿರು ಮಣ್ಣಿನ ಕೆಳಗೆ ಒಡೆದ ಮಡಕೆಯ ತಳ ಸಿಕ್ಕಿತು, ಅದರೊಳಗೆ ಒಂದಕ್ಕೊಂದು ಅಂಟಿದ ನಾಣ್ಯಗಳ ದೊಡ್ಡ ಮುದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವವರೆಲ್ಲ ಅವತ್ತು ನಮ್ಮ ಹಿತ್ತಲ ಗೋಡೆ ಹತ್ತಿ ನಿಂತಿದ್ದರು. ಕಾರು ಈಗ ಬೀದಿಯ ಮರದ ಕೆಳಗಿದೆ, ಕಾಗೆಗಳಿಗೆ ಅದೇ ಪಾಯಿಖಾನೆ. ನಾಯಿ ನನ್ನ ಹೊದಿಕೆಯ ಮೇಲೇ ಇದೆ. ನಾನೇ ಬಿಟ್ಟುಕೊಟ್ಟೆ. ಆದರೆ ಒಂದು ಮಾತು ಹೇಳುತ್ತೇನೆ, ಅವತ್ತು ನಾನು ಕೂಗದಿದ್ದರೆ ಯಾವ ರೋಮೂ ಸಿಗುತ್ತಿರಲಿಲ್ಲ.

ಮೊನ್ನೆ ಮನೆಮಂದಿಯೆಲ್ಲ ಮ್ಯೂಸಿಯಂಗೆ ಹೋಗಿದ್ದೆವು. ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಹಸಿರು ಬಿಲ್ಲೆ ಕುಳಿತಿತ್ತು. ಸೂಟು ತೊಟ್ಟ ಒಬ್ಬರು ಬಗ್ಗಿ ನೋಡಿ ಹೆಂಡತಿಗೆ, “ಯಾವನೋ ರಾಜ ಇರ್ಬೇಕು” ಅಂತ ಮುಂದೆ ಹೊರಟರು.

“ನಿಲ್ಲಿ ಸ್ವಾಮಿ,” ಅಂದರು ನಮ್ಮ ಅತ್ತಿಗೆ. ಬ್ಯಾಗಿನಿಂದ ಟಾರ್ಚು ತೆಗೆದು ಗಾಜಿನ ಪಕ್ಕಕ್ಕೆ ಓರೆಯಾಗಿ ಹಿಡಿದರು. “ಈಗ ನೋಡಿ. ರಾಜನಾ?”