ಕಣ್ಣೆತ್ತರದ ಡಬ್ಬಿ

ಚಿಪೋಲ ಆರೋಗ್ಯ ಕೇಂದ್ರದ ಔಷಧಿ ಕೋಣೆಯನ್ನು ನೋಡದ ದೊಡ್ಡ ಮನುಷ್ಯರು ಮಲಾವಿ ದೇಶದಲ್ಲಿ ಇರಲಿಕ್ಕಿಲ್ಲ. ಸರೋವರದ ದಡದ ಈ ಊರಿಗೆ ಬಂದವರು ಮೊದಲು ಮೀನು ಕೊಳ್ಳುತ್ತಿದ್ದರು, ಆಮೇಲೆ ಲುಫೇಯೊನ ಕಪಾಟು ನೋಡುತ್ತಿದ್ದರು. ಅಲ್ಲಿ ಔಷಧಿ ಸಿಗುತ್ತಿತ್ತೇ ಎಂದು ಕೇಳಬೇಡಿ. ನೋಡಲು ಸಿಗುತ್ತಿತ್ತು.

ಲುಫೇಯೊ ಮೀನುಗಾರರ ಮನೆಯವನು. ಆದರೆ ದೋಣಿ ಅಲುಗಾಡಿದರೆ ಸಾಕು, ತಿಂದದ್ದೆಲ್ಲ ಬಾಯಿಗೆ ಬರುತ್ತಿತ್ತು. ಅವನಪ್ಪ ಹಣೆ ಹಣೆ ಚಚ್ಚಿಕೊಂಡು ಅವನನ್ನು ದಡದಲ್ಲಿ ಹೆಂಗಸರ ಜೊತೆ ಮೀನು ಒಣಹಾಕಲು ಬಿಟ್ಟ. ಹುಡುಗ ಕಿರುಬೆರಳಿನಷ್ಟಿದ್ದ ಉಸಿಪ ಮೀನುಗಳನ್ನು ಸಾಲು ಸಾಲಾಗಿ, ತಲೆಗಳೆಲ್ಲ ನೀರಿನ ಕಡೆ ಬರುವಂತೆ ಜೋಡಿಸುತ್ತಿದ್ದ. "ಒಣಗಿದ್ಮೇಲೆ ಎಲ್ಲಾ ಒಂದೇ ಚೀಲಕ್ಕೆ ಸುರಿಯೋದು ಕಣೋ, ಸೈನ್ಯ ನಿಲ್ಸಿದಂಗೆ ಯಾಕೋ ನಿಲ್ಲಿಸ್ತೀಯ?" ಎಂದು ಹೆಂಗಸರು ನಗುತ್ತಿದ್ದರು. ಅವನಿಗೆ ಅದು ನಗುವ ವಿಷಯ ಅನ್ನಿಸಲಿಲ್ಲ. ದೊಡ್ಡವನಾದ ಮೇಲೂ ಅನ್ನಿಸಲಿಲ್ಲ.

ಬೆಳೆದ ಮೇಲೆ ಆರೋಗ್ಯ ಕೇಂದ್ರದಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಔಷಧಿ ನೋಡಿಕೊಳ್ಳುತ್ತಿದ್ದ ಮುದುಕ ಕೆಲಸ ಬಿಟ್ಟಾಗ ಬೀಗದಕೈ ಇವನ ಕೈಗೆ ಬಂತು. ಒಂದೇ ವಾರದಲ್ಲಿ ಇಲಿ ಓಡಾಡುತ್ತಿದ್ದ ಕೋಣೆ ದೇವರ ಮನೆಯಂತಾಯಿತು. ಹೀಗೇ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಅಷ್ಟರಲ್ಲಿ ತರಬೇತಿಗಳು ಶುರುವಾದವು.

ತರಬೇತಿ ಎಂದರೆ ಪಟ್ಟಣದ ವಸತಿಗೃಹ. ಬೆಳಿಗ್ಗೆ ಪ್ರಾರ್ಥನೆ, ನಡುವೆ ಚಹಾ, ಮಧ್ಯಾಹ್ನ ನ್ಸಿಮಾ ಮುದ್ದೆಗೆ ಕೋಳಿ, ಸಂಜೆ ಭತ್ಯೆ. ಯಾರಾದರೂ ಸರಿ ಉತ್ತರ ಕೊಟ್ಟರೆ ಮಳೆ ಚಪ್ಪಾಳೆ: ಅಂಗೈಗೆ ಒಂದು ಬೆರಳಿನಿಂದ ತಟ್ಟಲು ಶುರು ಮಾಡಿ, ಎರಡು, ಮೂರು ಎಂದು ಬೆರಳು ಕೂಡಿಸುತ್ತ, ಕೊನೆಗೆ ಸೂರು ಹಾರಿಹೋಗುವಂತೆ ಎರಡೂ ಕೈ ಬಡಿಯುವುದು. ಊಟವಾದ ಮೇಲೆ ನಿದ್ದೆ ಬರಬಾರದೆಂದು ನಾಟಕ. ಒಬ್ಬ ರೋಗಿ, ಒಬ್ಬ ಒಳ್ಳೆಯ ಔಷಧಿಗಾರ, ಇನ್ನೊಬ್ಬ ಕೆಟ್ಟ ಔಷಧಿಗಾರ. ಔಷಧಿಯನ್ನು ಊರೂರಿಗೆ ತಲುಪಿಸುವ ವಿದ್ಯೆಯನ್ನು ಹೀಗೆ ಕಲಿತ ನಮ್ಮ ಜನ ಚಪ್ಪಾಳೆಯಲ್ಲಿ ನಿಜಕ್ಕೂ ಪಳಗಿದರು. ಔಷಧಿ ಮಾತ್ರ ಊರಿಗೆ ತಲುಪುವ ದಾರಿ ಕಲಿಯಲಿಲ್ಲ.

ಅಲ್ಲಿ ಲುಫೇಯೊ ಕಲಿತ ಮುಖ್ಯ ಪಾಠ ಒಂದಿತ್ತು. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದನ್ನು ಮುಂದೆ ಇಡಬೇಕು, ಅದನ್ನೇ ಮೊದಲು ಕೊಡಬೇಕು. ಅವನು ಅದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ ತರಬೇತಿಯ ಮುಖ್ಯಸ್ಥೆ ಮೇಡಂ ಕಪಿಂಗಾ ಅವನ ಕೋಣೆಗೆ 'ಮಾದರಿ' ಎಂಬ ಬೋರ್ಡು ಹಾಕಿಸಿದರು. ಪ್ರತಿ ತಂಡವನ್ನೂ ಕೊನೆಯ ದಿನ ಬಸ್ಸಿನಲ್ಲಿ ಚಿಪೋಲಕ್ಕೆ ಕರೆತರುವುದು ರೂಢಿಯಾಯಿತು.

ಮಾದರಿ ಎಂದ ಮೇಲೆ ಕಪಾಟು ಖಾಲಿ ಕಾಣಬಹುದೇ? ಮಾತ್ರೆ ಮುಗಿದ ಡಬ್ಬಿಗಳನ್ನು ಲುಫೇಯೊ ಎಸೆಯದೆ, ಒರೆಸಿ, ಮುಚ್ಚಿ, ಹೆಸರು ಮುಂದೆ ಬರುವಂತೆ ನಿಲ್ಲಿಸತೊಡಗಿದ. ಜಿಲ್ಲಾ ಕಚೇರಿಯವರು ಬಾಗಿಲಲ್ಲೇ ನಿಂತು ಡಬ್ಬಿಗಳತ್ತ ಕಣ್ಣು ಹಾಯಿಸಿ, ಇಲ್ಲಿಗೆ ಬೇಕಾದಷ್ಟಿದೆ ಎಂದು ತೀರ್ಮಾನಿಸಿ, ಔಷಧಿಯನ್ನು ಬೇರೆ ಕಡೆಗೆ ಕಳಿಸುತ್ತಿದ್ದರು. ಕಳಿಸದಿದ್ದಷ್ಟೂ ಖಾಲಿ ಡಬ್ಬಿ ಹೆಚ್ಚಾಗುತ್ತಿತ್ತು. ಖಾಲಿ ಹೆಚ್ಚಿದಷ್ಟೂ ಕಪಾಟು ತುಂಬಿ ಕಾಣುತ್ತಿತ್ತು.

ಬಂದವರಲ್ಲಿ ಯಾರಾದರೂ ಒಬ್ಬರಿಗೆ ಡಬ್ಬಿ ತೆರೆದು ನೋಡುವ ಚಪಲ ಇದ್ದೇ ಇರುತ್ತದೆ. ಅಂಥವರ ಕೈ ಕಣ್ಣೆತ್ತರಕ್ಕೆ ಹೋಗುತ್ತದೆ, ಮೇಲಕ್ಕೂ ಹೋಗುವುದಿಲ್ಲ, ಬಗ್ಗುವುದೂ ಇಲ್ಲ. ಇದನ್ನು ಕಂಡುಕೊಂಡ ಲುಫೇಯೊ ಆ ಎತ್ತರದಲ್ಲಿ ಮಕ್ಕಳ ಮಲೇರಿಯಾ ಮಾತ್ರೆಯ ಒಂದು ತುಂಬಿದ ಡಬ್ಬಿ ಇಟ್ಟ. ಅದನ್ನು ಮುಟ್ಟಲು ಅತಿಥಿಗಳಿಗೆ ಮಾತ್ರ ಅಪ್ಪಣೆ.

"ಅದೇನು ನಿನ್ನ ಹೆಂಡ್ತಿನಾ ಲುಫೇಯೊ?" ಎಂದು ನರ್ಸ್ ಎಸಿತೇರೆ ಕೇಳುತ್ತಿದ್ದಳು. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು. "ದಿನಾ ಒರೆಸ್ತೀಯ, ಯಾರಿಗೂ ಮುಟ್ಟೋಕೆ ಬಿಡಲ್ಲ."

"ಇನ್ನೊಂದು ಲೋಡ್ ಬರ್ಲಿ, ಇದನ್ನೇ ಮೊದಲು ಕೊಡ್ತೀನಿ."

"ಬರುತ್ತೆ ಬರುತ್ತೆ. ನಿನ್ನ ಕಪಾಟು ನೋಡಿ ಅವ್ರಿಗೆ ಹೊಟ್ಟೆ ತುಂಬಿದೆ, ಇನ್ಯಾಕೆ ಕಳಿಸ್ತಾರೆ."

ಲುಫೇಯೊಗೂ ಒಂದು ಆಸೆಯಿತ್ತು. ಈ ಸಲದ ತಂಡ ಬಂದು ಹೋದರೆ ಅವನನ್ನೇ ತರಬೇತಿ ಕೊಡುವವನನ್ನಾಗಿ ಮಾಡುವುದಾಗಿ ಮೇಡಂ ಮಾತು ಕೊಟ್ಟಿದ್ದರು. ಅದೇ ಬಸ್ಸಿನಲ್ಲಿ ಅವನಿಗೊಂದು ಸೀಟು, ಸಂಜೆ ಪಟ್ಟಣದಲ್ಲಿ ಸಮಾರಂಭ. ದೋಣಿ ಹತ್ತಲಾಗದವನೆಂದು ಊರೆಲ್ಲ ಆಡಿಕೊಂಡ ಮನುಷ್ಯ ಅವನು. ಬಸ್ಸಾದರೂ ಹತ್ತಿ ಹೋಗುವುದನ್ನು ಊರು ನೋಡಲಿ ಎಂದುಕೊಂಡರೆ ತಪ್ಪೇನು? ನನಗಂತೂ ಅವನ ಮೇಲೆ ಸಿಟ್ಟು ಬರುತ್ತದೆ, ಅಯ್ಯೋ ಅನ್ನಿಸುವುದೂ ಇದೆ.

ತಂಡ ಬರುವ ವಾರ ನಸಿಬೆಕೊ ಎಂಬ ಮುದುಕಿ ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಕಿಟಕಿಗೆ ಬಂದಳು. ಹುಡುಗನ ಮೈ ಕಾದ ಹಂಚಾಗಿತ್ತು. ಎಸಿತೇರೆ ಅವನ ಬೆರಳು ಚುಚ್ಚಿ ಮಲೇರಿಯಾ ಎಂದು ಹೇಳಿ ಕಳಿಸಿದ್ದಳು.

"ಮುಗಿದೋಗಿದೆ ಅಜ್ಜಿ," ಎಂದ ಲುಫೇಯೊ.

"ಅಲ್ಲಿ ಕಾಣ್ತಿದೆಯಲ್ಲಪ್ಪಾ."

"ಅದು ಖಾಲಿ ಡಬ್ಬಿ."

ಅತಿಥಿಗಳಿಗೆ ಖಾಲಿಯನ್ನು ತುಂಬಿದ್ದೆಂದು ತೋರಿಸುತ್ತಿದ್ದವನು ಅಂದು ತುಂಬಿದ್ದನ್ನು ಖಾಲಿ ಎಂದ. ಮುದುಕಿ ನಂಬಿ ಹೋದಳು. ಮನೆಯಲ್ಲಿ ಬೇರು ಬೇಯಿಸಿ ಕುಡಿಸಿದಳಂತೆ. ಜ್ವರ ಇಳಿದಂತೆ ಮಾಡಿ ಮತ್ತೆ ಏರಿತು.

ತಂಡ ಬರುವ ದಿನ ಲುಫೇಯೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಪಾಟು ಒರೆಸುತ್ತಿದ್ದ. ಹೊರಗೆ ಮಾವಿನ ಮರದಡಿ ನಸಿಬೆಕೊ ಹುಡುಗನನ್ನು ಮಡಿಲಲ್ಲಿ ಹಾಕಿಕೊಂಡು ಮತ್ತೆ ಬಂದು ಕೂತಿದ್ದಳು. ಅವನು ಆ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಸೈಕಲ್ ಬಂದು ನಿಂತಿತು. ಹಿಂದಿನಿಂದ ಇಳಿದವಳು ಪಕ್ಕದ ಹಳ್ಳಿಗೆ ಕೊಟ್ಟಿದ್ದ ಅವನ ಮಗಳು ತಿಯಮಿಕೆ. ಅವಳ ತೋಳಲ್ಲಿ ಅಲಿನಾಫೆ, ಅವನ ಒಬ್ಬಳೇ ಮೊಮ್ಮಗಳು, ಕತ್ತು ನಿಲ್ಲದಂತೆ ಜೋತುಬಿದ್ದಿದ್ದಳು.

"ಅಪ್ಪಾ, ನಿನ್ನೆಯಿಂದ ನೀರೂ ಕುಡೀತಿಲ್ಲ," ಎಂದಳು ತಿಯಮಿಕೆ. ಎಸಿತೇರೆ ಬೆರಳು ಚುಚ್ಚಿದಳು, ಇಲ್ಲೂ ಮಲೇರಿಯಾ ಕಂಡು ಲುಫೇಯೊನ ಮುಖ ನೋಡಿದಳು. ಬೈದಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವನು ಒಳಗೆ ಓಡಿ ಕಣ್ಣೆತ್ತರದ ಡಬ್ಬಿಗೆ ಕೈ ಹಾಕಿದ. ಬಸ್ಸು, ಸೀಟು, ಸಮಾರಂಭ ಯಾವುದೂ ನೆನಪಾಗಲಿಲ್ಲ. ಮುಚ್ಚಳ ತೆರೆಯುವಾಗ ಅಭ್ಯಾಸಬಲದಿಂದ ಅವಧಿ ನೋಡಿದ. ಹಿಂದಿನ ತಿಂಗಳೇ ಮುಗಿದಿತ್ತು. ಇಡೀ ದೇಶಕ್ಕೆ ಆ ಪಾಠ ಹೇಳಿಕೊಟ್ಟ ಮನುಷ್ಯ ದಿನವೂ ಆ ಡಬ್ಬಿ ಒರೆಸಿದ್ದ, ಒಂದು ದಿನವೂ ತಿರುಗಿಸಿ ಓದಿರಲಿಲ್ಲ.

ಬಸ್ಸು ಬಂದದ್ದು ಆಗಲೇ. ಒಂದೇ ಬಣ್ಣದ ಅಂಗಿ ತೊಟ್ಟ ಔಷಧಿಗಾರರೆಲ್ಲ ಇಳಿದು ಬಾಗಿಲಲ್ಲಿ ಮುತ್ತಿಕೊಂಡರು. ಮೇಡಂ ಕಪಿಂಗಾ ಮುಂದೆ ನಿಂತು, "ಇವ್ರೇ ನಮ್ಮ ಲುಫೇಯೊ. ಯಾವ ಡಬ್ಬಿ ಮೊದಲು ಕೊಡ್ಬೇಕು, ತೋರಿಸಪ್ಪಾ," ಎಂದರು.

"ಮೇಡಂ, ಇದ್ರ ಅವಧಿ ಮುಗಿದೋಗಿದೆ," ಎಂದ ಅವನು. "ಮಿಕ್ಕಿದ್ದೆಲ್ಲಾ ಖಾಲಿ. ನನ್ನ ಮೊಮ್ಮಗಳು ಅಲ್ಲಿ ಬಿದ್ದಿದಾಳೆ, ಮರದ ಕೆಳಗೆ ಇನ್ನೊಂದು ಮಗು ಇದೆ. ಕೊಡೋಕೆ ನನ್ನ ಹತ್ರ ಏನೂ ಇಲ್ಲ. ನಿಮ್ಮತ್ರ ಏನಾದ್ರೂ ಇದ್ರೆ ಕೊಡಿ, ಕಾಲಿಗೆ ಬೀಳ್ತೀನಿ."

ಬಿದ್ದೇಬಿಟ್ಟ. ಆಮೇಲೆ ಹಿಂದಿನಿಂದ ಯಾರೋ ಒಂದು ಬೆರಳಿನಿಂದ ಅಂಗೈ ತಟ್ಟಿದರು. ಎರಡು ಬೆರಳಾಯಿತು, ಮೂರಾಯಿತು, ಮಳೆ ಸುರಿಯಿತು.

"ನೋಡಿ, ಕೆಟ್ಟ ಔಷಧಿಗಾರನ ಪಾತ್ರ ಅಂದ್ರೆ ಹೀಗಿರ್ಬೇಕು," ಎಂದರು ಮೇಡಂ. "ಆ ತಾಯೀನೂ ಎಷ್ಟು ಚೆನ್ನಾಗಿ ಅಳ್ತಿದಾಳೆ."

ತಿಯಮಿಕೆ ಇನ್ನೂ ಜೋರಾಗಿ ಅತ್ತಳು. ಜನ ಇನ್ನೂ ಜೋರಾಗಿ ತಟ್ಟಿದರು. ಕೆಲವರು ಫೋಟೋ ತೆಗೆದುಕೊಂಡರು. ಮೇಡಂಗೆ ಹೊತ್ತಾಗುತ್ತಿತ್ತು. ಅವರು ಬಗ್ಗಿ ಮಗುವಿನ ಕೆನ್ನೆ ತಟ್ಟಿದರು. "ಸಾಕು ಪುಟ್ಟಿ, ನಾಟಕ ಮುಗೀತು, ಏಳಮ್ಮ."

ಅಲಿನಾಫೆ ಏಳಲಿಲ್ಲ. ಮೇಡಂ ತಮ್ಮ ಅಂಗೈಯನ್ನು ನೋಡಿಕೊಂಡರು. ಆ ಬಿಸಿ ಕೈಗೆ ಹತ್ತಿಕೊಂಡಿರಬೇಕು. ಚಪ್ಪಾಳೆ ನಿಂತುಹೋಯಿತು, ಆದರೆ ಮುಂದೇನು ಮಾಡಬೇಕೆಂದು ಯಾವ ಪಾಠದಲ್ಲೂ ಇರಲಿಲ್ಲ. ಎಲ್ಲರೂ ಹಾಗೇ ನಿಂತಿದ್ದರು.

ಕದಲಿದವನು ಬಸ್ಸಿನ ಚಾಲಕ ಸಯಿಜಿ ಒಬ್ಬನೇ. ತರಬೇತಿ ನಡೆಯುವಾಗಲೆಲ್ಲ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ ಆಸಾಮಿ, ಒಂದು ಪಾಠವನ್ನೂ ಕೇಳದವನು. ಕೈಗೂಸು ಎತ್ತಿಕೊಂಡು ತರಬೇತಿಗೆ ಬರುವ ಹೆಂಗಸರಿಗೆಂದು ಅವನ ಸೀಟಿನ ಕೆಳಗೆ ಔಷಧಿ ಪೆಟ್ಟಿಗೆಯೊಂದಿತ್ತು. ಅದನ್ನು ತಂದು ಎಸಿತೇರೆಯ ಮುಂದಿಟ್ಟ. ಅದರಲ್ಲಿ ಮಕ್ಕಳ ಮಲೇರಿಯಾ ಮಾತ್ರೆ ಒಬ್ಬರಿಗೆ ಆಗುವಷ್ಟೇ ಇತ್ತು.

"ನಿನ್ನ ಮೊಮ್ಮಗಳಿಗೆ ನುಂಗೋಕೆ ಆಗಲ್ಲ, ಅವಳಿಗೆ ಸೂಜಿನೇ ಬೇಕು, ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗ್ಬೇಕು," ಎಂದಳು ಎಸಿತೇರೆ. "ಇದು ಆ ಹುಡುಗನಿಗೆ."

ಲುಫೇಯೊ ಮಾತ್ರೆಯನ್ನು ತಾನೇ ಮರದಡಿಗೆ ಒಯ್ದ. ಮುದುಕಿ ಅದನ್ನು ತೆಗೆದುಕೊಂಡಳು, ಅವನ ಮುಖ ನೋಡಲಿಲ್ಲ.

"ಬಸ್ಸಲ್ಲಿ ಒಂದೇ ಸೀಟು ಖಾಲಿ ಇರೋದು," ಎಂದು ಮೇಡಂ ಮೆಲ್ಲಗೆ ಹೇಳಿದರು.

"ಅದು ನಂದು," ಎಂದ ಲುಫೇಯೊ. ತಂಡದವರೆಲ್ಲ ಹತ್ತಿದ ಮೇಲೆ ತಿಯಮಿಕೆಯನ್ನು ಮಗುವಿನ ಸಮೇತ ಅದರಲ್ಲಿ ಕೂರಿಸಿ ಬಾಗಿಲು ಹಾಕಿದ. ಸಯಿಜಿ ಬಸ್ಸನ್ನು ಊರ ನಡುವೆ ಧೂಳೆಬ್ಬಿಸಿಕೊಂಡು ಓಡಿಸಿದ. ಊರೆಲ್ಲ ನಿಂತು ನೋಡಿತು. ಲುಫೇಯೊ ಕಿಟಕಿಯ ಜೊತೆ ಸ್ವಲ್ಪ ದೂರ ಓಡಿ, ಆಮೇಲೆ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತ.

ಇಬ್ಬರೂ ಮಕ್ಕಳು ಬದುಕಿದರು. ಮರುದಿನ ಅವನು ಖಾಲಿ ಡಬ್ಬಿಗಳನ್ನೆಲ್ಲ ಅಂಗಳದಲ್ಲಿ ರಾಶಿ ಹಾಕಿ ಸುಟ್ಟ. ಮುಂದಿನ ಸಲ ಬಂದ ಜಿಲ್ಲೆಯವರು ಬೋಳು ಕಪಾಟು ಕಂಡು ಹೌಹಾರಿದರು, ಅವನಿಗೆ ಬಾಯಿಗೆ ಬಂದಂತೆ ಬೈದರು, 'ಮಾದರಿ' ಬೋರ್ಡು ಕಿತ್ತುಕೊಂಡು ಹೋದರು. ಹದಿನೈದು ದಿನದೊಳಗೆ ಲಾರಿ ತುಂಬ ಔಷಧಿ ಕಳಿಸಿದರು.

ಈಗ ಚಿಪೋಲಕ್ಕೆ ಯಾವ ತಂಡವೂ ಬರುವುದಿಲ್ಲ. ಜ್ವರದವರು ಬರುತ್ತಾರೆ. ಮೊನ್ನೆ ನಸಿಬೆಕೊ ತನ್ನ ಮಂಡಿನೋವಿಗೆಂದು ಕಿಟಕಿಗೆ ಬಂದಿದ್ದಳು. ಲುಫೇಯೊ ಡಬ್ಬಿಗೆ ಕೈ ಹಾಕಿದೊಡನೆ ತಡೆದಳು.

"ತಡೀ ಮಗಾ. ಆ ಡಬ್ಬಿ ಇವತ್ತು ತುಂಬಿದೆಯೋ, ಖಾಲಿಯೋ?"

ಅವನು ಮುಚ್ಚಳ ತೆಗೆದು, ಕಿಟಕಿಯ ಕಂಬಿಯವರೆಗೆ ತಂದು ಬಗ್ಗಿಸಿ ತೋರಿಸಿದ. ಮುದುಕಿ ಬೆರಳು ಹಾಕಿ ಮುಟ್ಟಿ ನೋಡಿದ ಮೇಲೆಯೇ ಕೈ ಚಾಚಿದಳು. ಈಗ ಎಲ್ಲರಿಗೂ ಅವನು ಹೀಗೇ ತೋರಿಸಿ ಕೊಡುತ್ತಾನೆ. ಯಾರೂ ಕೇಳದಿದ್ದರೂ ತೋರಿಸುತ್ತಾನೆ.